ಟಿಕೆಟ್ ಕೊಂಡ ಮೇಲೆ ದರ ಇಳಿದರೆ ವ್ಯತ್ಯಾಸದ ಹಣ ವಾಪಸು ಸಿಗುವುದೇ?

ಪ್ರಶ್ನೆ: ಮಲೆನಾಡಿಗ, ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಊರಿಗೆ ಬರಲೆಂದು ನನಗೆ, ನನ್ನ ಪತ್ನಿಗೆ ಮತ್ತು ಇಬ್ಬರು ಮಕ್ಕಳಿಗೆ ಡಲ್ಲಾಸ್‌ನಿಂದ ಬೆಂಗಳೂರಿಗೆ ಹೋಗಿಬರುವ ಟಿಕೆಟ್‌ಗಳನ್ನು ಇಲ್ಲಿನ ವಿಮಾನ ಕಂಪನಿಯೊಂದರ ಜಾಲತಾಣದಲ್ಲೇ ನೇರವಾಗಿ ಕೊಂಡಿದ್ದೇನೆ. ತಲೆಗೆ 1,720 ಡಾಲರ್ ಬಿದ್ದಿತು. ಈಗ ಅದೇ ದಿನಾಂಕ, ಅದೇ ವಿಮಾನಗಳಿಗೆ 1,450 ಡಾಲರ್ ಎಂದು ತೋರಿಸುತ್ತಿದೆ. ನಾಲ್ವರಿಗೆ ಲೆಕ್ಕ ಹಾಕಿದರೆ 1,080 ಡಾಲರ್ ವ್ಯತ್ಯಾಸವಾಗುತ್ತದೆ. ಸುಮ್ಮನೆ ಬಿಟ್ಟುಬಿಡುವಷ್ಟು ಸಣ್ಣ ಮೊತ್ತವಲ್ಲ.

ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ, ಕೊಂಡ ದಿನದ ದರವೇ ಅಂತಿಮ, ಬೆಲೆ ಹೊಂದಾಣಿಕೆ ತಮ್ಮಲ್ಲಿ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಟಿವಿ ಕೊಂಡ ಎರಡು ವಾರದೊಳಗೆ ಅದರ ಬೆಲೆ ಇಳಿದರೆ ರಸೀತಿ ತೋರಿಸಿ ವ್ಯತ್ಯಾಸ ಪಡೆಯುವ ರೂಢಿಯಿದೆ. ವಿಮಾನ ಟಿಕೆಟ್‌ಗೆ ಅಂಥ ಹಕ್ಕು ಕಾನೂನಿನಲ್ಲಿ ಇದೆಯೇ? ಇಲ್ಲದಿದ್ದರೆ, ಈ ಟಿಕೆಟ್ ರದ್ದುಮಾಡಿ ಹೊಸದಾಗಿ ಕೊಳ್ಳುವುದು ಜಾಣತನವೇ? ಕ್ರೆಡಿಟ್ ಕಾರ್ಡ್ ಬ್ಯಾಂಕಿನಲ್ಲಿ ತಕರಾರು ಹೂಡಿದರೆ ಪ್ರಯೋಜನವಾದೀತೇ?

ಇದರ ಜೊತೆಗೆ ಇನ್ನೊಂದು ವಿಷಯವೂ ಇದೆ. ಬೆಂಗಳೂರಿನಲ್ಲಿರುವ ನನ್ನ ತಂದೆ-ತಾಯಿಗೆ ಬೆಂಗಳೂರು–ವಾರಾಣಸಿ ಟಿಕೆಟ್‌ಗಳನ್ನು ಒಂದು ಆನ್‌ಲೈನ್ ಏಜೆನ್ಸಿಯ ಮೂಲಕ ಮಾಡಿಸಿದ್ದೆ. ಅದರ ದರವೂ ತಲೆಗೆ ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಇಳಿದಿದೆ. ಭಾರತದ ನಿಯಮ ಬೇರೆಯೇ ಇರಬಹುದೆಂದು ಊಹಿಸಿದ್ದೇನೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಟಿಕೆಟಿಂಗ್ ಗುಮಾಸ್ತ, ಬೆಂಗಳೂರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಅಂಥ ಹಕ್ಕು ಇಲ್ಲ. ಇಷ್ಟು ಹಣಕ್ಕೆ ಇಂಥ ದಿನ ಇಂಥ ಊರಿಗೆ ಕರೆದೊಯ್ಯುತ್ತೇವೆ ಎಂಬ ಒಪ್ಪಂದವೇ ಟಿಕೆಟ್. ನಾಳೆ ದರ ಏರಿದರೆ ಕಂಪನಿ ನಿಮ್ಮಿಂದ ಹೆಚ್ಚು ಕೇಳುವಂತಿಲ್ಲ. ಇಳಿದರೆ ನೀವೂ ಕೇಳುವಂತಿಲ್ಲ. ಆದರೆ ಆ ಒಪ್ಪಂದದಿಂದ ಹೊರಬರಲು ಎಷ್ಟು ತೆರಬೇಕು ಎಂಬುದನ್ನು ಅದೇ ಒಪ್ಪಂದದಲ್ಲಿ ಬರೆದಿರುತ್ತಾರೆ. ಹೊರಬರುವ ಖರ್ಚು ದರದ ಇಳಿಕೆಗಿಂತ ಕಡಿಮೆಯಿದ್ದರೆ ನಿಮಗೆ ಲಾಭ, ಹೆಚ್ಚಿದ್ದರೆ ತೆಪ್ಪಗಿರುವುದೇ ಲೇಸು. ಆದ್ದರಿಂದ ಕಸ್ಟಮರ್ ಕೇರ್‌ನವರನ್ನು "ವ್ಯತ್ಯಾಸ ವಾಪಸು ಕೊಡುತ್ತೀರಾ" ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. "ನನ್ನ ಟಿಕೆಟನ್ನು ಇವತ್ತಿನ ದರಕ್ಕೆ ರೀಇಶ್ಯೂ (ಅಂದರೆ ಹಳೆಯದರ ಬದಲು ಹೊಸದಾಗಿ ಬರೆದುಕೊಡುವುದು) ಮಾಡಿದರೆ ಶುಲ್ಕ ಎಷ್ಟು, ಉಳಿಕೆ ಹಣ ಯಾವ ರೂಪದಲ್ಲಿ ಬರುತ್ತದೆ" ಎಂದು ಕೇಳಿ ನೋಡಿ. ಮಾತೇ ಬೇರೆಯಾಗುತ್ತದೆ.

ಕರೆ ಮಾಡುವ ಮುನ್ನ ಫೇರ್ ರೂಲ್ಸ್, ಅಂದರೆ ನಿಮ್ಮ ದರಕ್ಕೆ ಅಂಟಿದ ಷರತ್ತುಗಳನ್ನು, ತೆರೆದುಕೊಳ್ಳಿ. ಬಹುತೇಕ ಕಂಪನಿಗಳ ಜಾಲತಾಣದಲ್ಲಿ ಹಣ ಕಟ್ಟುವ ಪುಟದ ಕೆಳಗೆ ಅಥವಾ ಬುಕಿಂಗ್ ವಿವರದಲ್ಲಿ ಅದರ ಕೊಂಡಿ ಇರುತ್ತದೆ. ಏಜೆಂಟರ ಪರದೆಯಲ್ಲಿ ಅದು ಸಂಖ್ಯೆ ಹಾಕಿದ ವಿಭಾಗಗಳಾಗಿ ಬರುತ್ತದೆ, ಎಲ್ಲವೂ ದೊಡ್ಡಕ್ಷರದಲ್ಲಿ, ಪೂರ್ಣವಿರಾಮದ ಗೊಡವೆಯೇ ಹೆಚ್ಚಿಲ್ಲದೆ. ನಿಮಗೆ ಬೇಕಾದದ್ದು 16ನೆಯ ವಿಭಾಗ, ಅಂದರೆ ಪೆನಾಲ್ಟೀಸ್. ಅದರಲ್ಲಿ ಬದಲಾವಣೆಗೆ ಒಂದು ಭಾಗ, ರದ್ದತಿಗೆ ಇನ್ನೊಂದು ಭಾಗ ಇರುತ್ತದೆ. ಎರಡರಲ್ಲೂ ಪ್ರಯಾಣ ಆರಂಭಿಸುವ ಮುನ್ನ, ಆರಂಭಿಸಿದ ನಂತರ ಮತ್ತು ವಿಮಾನಕ್ಕೆ ಹಾಜರಾಗದಿದ್ದರೆ ಎಂದು ಬೇರೆಬೇರೆ ಮೊತ್ತ ಹೇಳಿರುತ್ತಾರೆ. ಬದಲಾವಣೆಗೆ ಶುಲ್ಕವಿಲ್ಲ ಎಂದು ಓದಿ ಅಲ್ಲಿಗೇ ನಿಲ್ಲಬೇಡಿ. ಹೊಸ ದರ ಕಡಿಮೆಯಿದ್ದಾಗ ಉಳಿಕೆಯನ್ನು ಏನು ಮಾಡುತ್ತಾರೆ ಎಂಬ ಸಾಲು ಕೆಳಗೆಲ್ಲೋ ಇರುತ್ತದೆ. ಕೆಲವು ಕಂಪನಿಗಳು ಅದನ್ನು ಮುಂದಿನ ಪ್ರಯಾಣಕ್ಕೆ ಕ್ರೆಡಿಟ್ ಆಗಿ ಕೊಡುತ್ತವೆ, ಕೆಲವು ಶುಲ್ಕ ಕಳೆದು ಕಾರ್ಡಿಗೆ ಹಾಕುತ್ತವೆ, ಇನ್ನು ಕೆಲವು ಉಳಿಕೆಯನ್ನೇ ಮುಟ್ಟುಗೋಲು ಹಾಕಿಕೊಳ್ಳುತ್ತವೆ. ನಿಮ್ಮ ಲೆಕ್ಕದಲ್ಲಿ ಇಳಿಕೆ 270 ಡಾಲರ್. ಶುಲ್ಕ 200 ಡಾಲರ್ ಇದ್ದು ಉಳಿಕೆ ಕ್ರೆಡಿಟ್ ಆಗಿ ಬರುವುದಾದರೆ ತಲೆಗೆ 70 ಡಾಲರ್ ಗಿಟ್ಟುತ್ತದೆ. ಶುಲ್ಕವೇ ಇಲ್ಲದಿದ್ದರೆ ಅಷ್ಟೂ 270. ಉಳಿಕೆ ಮುಟ್ಟುಗೋಲಾಗುವ ನಿಯಮವಿದ್ದರೆ ಶುಲ್ಕ ಸೊನ್ನೆಯಾಗಿದ್ದರೂ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ನಿಮಗೆ 1,450 ಎಂದು ಕಂಡ ದರ ಎಷ್ಟು ಜನರಿಗೆ ಹುಡುಕಿದಾಗ ಬಂದದ್ದು? ಒಂದೇ ಎಕಾನಮಿ ಕ್ಯಾಬಿನ್ನಿನ ಸೀಟುಗಳನ್ನು ಕಂಪನಿಯವರು ಅಕ್ಷರಗಳ ಹೆಸರಿನಲ್ಲಿ ಹಲವು ಬುಕಿಂಗ್ ಕ್ಲಾಸ್‌ಗಳಾಗಿ ಒಡೆದು, ಒಂದೊಂದಕ್ಕೂ ಒಂದೊಂದು ದರ, ಒಂದೊಂದು ನಿಯಮ ಇಟ್ಟಿರುತ್ತಾರೆ. ಅಗ್ಗದ ಅಕ್ಷರದಲ್ಲಿ ಎರಡೇ ಸೀಟು ಉಳಿದಿದ್ದರೆ, ಒಬ್ಬರಿಗೋ ಇಬ್ಬರಿಗೋ ಹುಡುಕಿದವರಿಗೆ ಅಗ್ಗದ ದರ ಕಾಣುತ್ತದೆ. ನಾಲ್ವರಿಗೆ ಹುಡುಕಿದ ತಕ್ಷಣ ಯಂತ್ರವು ನಾಲ್ಕೂ ಸೀಟು ಒಟ್ಟಿಗೆ ಸಿಗುವ ಮೇಲಿನ ಅಕ್ಷರಕ್ಕೆ ಹೋಗಿ ನಾಲ್ವರಿಗೂ ಅದೇ ದುಬಾರಿ ದರ ಹಾಕುತ್ತದೆ. ಬ್ಯಾಗೇಜನ್ನೂ ಹೋಲಿಸಿ ನೋಡಿ. ಚೆಕ್-ಇನ್ ಬ್ಯಾಗ್ ಇಲ್ಲದ ಅಗ್ಗದ ದರವನ್ನು ಬ್ಯಾಗ್ ಸೇರಿದ ನಿಮ್ಮ ದರದ ಪಕ್ಕದಲ್ಲಿಟ್ಟು ನೋಡಿದರೆ ಇಳಿಯದ ದರವೂ ಇಳಿದಂತೆ ಕಾಣುತ್ತದೆ. ಊರಿಗೆ ಹೋಗುವಾಗ ಖಾಲಿ ಕೈಯಲ್ಲಿ ಹೋಗುವ ಕುಟುಂಬವನ್ನು ನಾನಂತೂ ಕಂಡಿಲ್ಲ.

ಉತ್ತರ: ನಿಯಮಾವಳಿ ಓದುಗ, ನ್ಯೂ ಜೆರ್ಸಿ

ಮೇಲಿನವರು ಹೇಳಿದ್ದಕ್ಕೆ ಅಮೆರಿಕದ ನಿಯಮಗಳನ್ನು ಸೇರಿಸುತ್ತೇನೆ.

ಇಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ನಿಯಂತ್ರಣ ತೆಗೆದ ಮೇಲೆ ದೇಶದೊಳಗಿನ ದರವನ್ನು ಗೊತ್ತುಮಾಡುವುದು ಸರ್ಕಾರದ ಕೆಲಸವಾಗಿ ಉಳಿದಿಲ್ಲ. ಹಾಗಾಗಿ ದರ ಇಳಿದರೆ ವ್ಯತ್ಯಾಸ ಕೊಡಿ ಎಂದು ಹೇಳುವ ನಿಯಮ ಯಾವುದೂ ಇಲ್ಲ. ಆದರೆ ಸಾರಿಗೆ ಇಲಾಖೆಯ 24 ಗಂಟೆಗಳ ನಿಯಮವೊಂದು 2012ರಿಂದ ಜಾರಿಯಲ್ಲಿದೆ. ಪ್ರಯಾಣಕ್ಕೆ ಕನಿಷ್ಠ 7 ದಿನ ಇರುವಾಗ ಕಂಪನಿಯಿಂದ ನೇರವಾಗಿ ಬುಕ್ ಮಾಡಿದರೆ, ಒಂದೋ ಹಣ ಕಟ್ಟದೆಯೇ 24 ಗಂಟೆ ಆ ದರವನ್ನು ಹಿಡಿದಿಡಲು ಕಂಪನಿ ಅವಕಾಶ ಕೊಡಬೇಕು, ಇಲ್ಲವೇ ಹಣ ಕಟ್ಟಿಸಿಕೊಂಡು 24 ಗಂಟೆಯೊಳಗೆ ರದ್ದುಮಾಡಿದರೆ ಪೂರ್ತಿ ಹಣ ಹಿಂತಿರುಗಿಸಬೇಕು. ಅಗ್ಗದ ವಿಮಾನ ಕಂಪನಿಗಳು ಆ ವರ್ಷದ ನಿಯಮಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದವು. ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 2012ರಲ್ಲೇ ನಿಯಮಗಳನ್ನು ಎತ್ತಿಹಿಡಿಯಿತು. ಅಮೆರಿಕಕ್ಕೆ ಹಾರುವ ವಿದೇಶಿ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಆನ್‌ಲೈನ್ ಏಜೆನ್ಸಿಗಳಿಗೆ ಇದು ಕಡ್ಡಾಯವಲ್ಲ; ಹಲವರು ತಾವಾಗಿಯೇ ಪಾಲಿಸುತ್ತಾರೆ, ಆದರೆ ಪಾಲಿಸುತ್ತಾರೆಂದು ಮೊದಲೇ ಓದಿ ಖಚಿತಪಡಿಸಿಕೊಳ್ಳಬೇಕು. ಟಿಕೆಟ್ ಕೊಂಡವರು ದರ ನೋಡುವುದನ್ನು ಬಿಡಬಾರದ ಹೊತ್ತು ಯಾವುದಾದರೂ ಇದ್ದರೆ ಆ ಮೊದಲ 24 ಗಂಟೆ. ಆಗ ಹೊಸದನ್ನು ಮೊದಲು ಕೊಂಡು, ಅದರ ಖಚಿತ ಪತ್ರ ಕೈಗೆ ಬಂದ ಮೇಲೆ ಹಳೆಯದನ್ನು ರದ್ದು ಮಾಡುವುದೇ ಸರಿಯಾದ ಕ್ರಮ. ಕೆಲವು ಕಂಪನಿಗಳ ಯಂತ್ರಗಳು ಒಬ್ಬನೇ ಪ್ರಯಾಣಿಕ ಒಂದೇ ವಿಮಾನದಲ್ಲಿ ಎರಡು ಸಲ ಕಂಡರೆ ಒಂದನ್ನು ತಾವೇ ಕಿತ್ತುಹಾಕುವುದುಂಟು, ಆದ್ದರಿಂದ ಎರಡರ ನಡುವೆ ಹೆಚ್ಚು ಹೊತ್ತು ಬಿಡಬಾರದು.

ನಿಮ್ಮ ವಿಷಯದಲ್ಲಿ ಆ ಅವಧಿ ಮೀರಿದೆ. ಆದರೂ ನಿರಾಶರಾಗಬೇಡಿ. ಹಿಂದೆ ಇಲ್ಲಿನ ದೊಡ್ಡ ಕಂಪನಿಗಳು ದೇಶೀಯ ಟಿಕೆಟ್ ಬದಲಾವಣೆಗೇ 200 ಡಾಲರ್ ಕೀಳುತ್ತಿದ್ದವು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್ ಕೊನೆಗೆ ಯುನೈಟೆಡ್, ಅದರ ಬೆನ್ನಿಗೆ ಡೆಲ್ಟಾ ಮತ್ತು ಅಮೆರಿಕನ್ ಕಂಪನಿಗಳು ಆ ಶುಲ್ಕವನ್ನು ತೆಗೆದವು. ಮೊದಲು ದೇಶೀಯ ಟಿಕೆಟ್‌ಗಳಿಗೆ, ಆಮೇಲೆ ಅಮೆರಿಕದಿಂದ ಹೊರಡುವ ಅಂತಾರಾಷ್ಟ್ರೀಯ ಟಿಕೆಟ್‌ಗಳಿಗೂ ವಿನಾಯಿತಿ ಬಂತು. ಬೇಸಿಕ್ ಎಕಾನಮಿ ಎಂಬ ಕೆಳಗಿನ ದರಕ್ಕೆ ಮಾತ್ರ ಈ ವಿನಾಯಿತಿ ಸಾಮಾನ್ಯವಾಗಿ ಇಲ್ಲ. "ಅಮೆರಿಕದಿಂದ ಹೊರಡುವ" ಎಂಬ ಮಾತನ್ನು ಗಮನಿಸಬೇಕು: ಅದೇ ಕಂಪನಿಯ ಅದೇ ವಿಮಾನಕ್ಕೆ ಬೆಂಗಳೂರಿನಿಂದ ಆರಂಭವಾಗುವ ಟಿಕೆಟ್ ಕೊಂಡರೆ ಬದಲಾವಣೆ ಶುಲ್ಕ ಬೀಳಬಹುದು. ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನು ಮರೆಯುತ್ತಾರೆ. ನಿಮ್ಮದು ಡಲ್ಲಾಸ್‌ನಿಂದ ಆರಂಭವಾಗುವ, ಇಲ್ಲಿನ ಕಂಪನಿಯದೇ ಟಿಕೆಟ್ ಆದ್ದರಿಂದ, ಬೇಸಿಕ್ ಎಕಾನಮಿ ಅಲ್ಲದಿದ್ದರೆ, ಶುಲ್ಕವಿಲ್ಲದೆ ರೀಇಶ್ಯೂ ಮಾಡಿಸಿ ಉಳಿಕೆಯನ್ನು ಕ್ರೆಡಿಟ್ ಆಗಿ ಪಡೆಯುವ ಸಾಧ್ಯತೆ ಚೆನ್ನಾಗಿಯೇ ಇದೆ. ನಗದು ಬರುವುದಿಲ್ಲ.

ನಗದು ಬರುವ ದಾರಿಯೂ ಒಂದಿದೆ, ಆದರೆ ಅದು ನಿಮ್ಮ ಕೈಯಲ್ಲಿಲ್ಲ. ಸಾರಿಗೆ ಇಲಾಖೆ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಕಂಪನಿ ತಾನಾಗಿಯೇ ವೇಳಾಪಟ್ಟಿಯನ್ನು ಗಣನೀಯವಾಗಿ ಬದಲಿಸಿದರೆ, ಮತ್ತು ಆ ಬದಲಾವಣೆಯನ್ನೂ ಕಂಪನಿ ಕೊಡುವ ಪರ್ಯಾಯಗಳನ್ನೂ ನೀವು ಒಪ್ಪದಿದ್ದರೆ, ವಾಪಸಾಗದ ಟಿಕೆಟ್‌ಗೂ ಪೂರ್ತಿ ಹಣವನ್ನು ನೀವು ಪಾವತಿಸಿದ ರೂಪದಲ್ಲೇ ಕೊಡಬೇಕು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ 6 ಗಂಟೆ, ದೇಶೀಯದಲ್ಲಿ 3 ಗಂಟೆಗಿಂತ ಹೆಚ್ಚಿನ ವ್ಯತ್ಯಾಸ, ಹೆಚ್ಚುವರಿ ನಿಲುಗಡೆ, ಹೊರಡುವ ಅಥವಾ ತಲಪುವ ವಿಮಾನ ನಿಲ್ದಾಣದ ಬದಲಾವಣೆ, ಕೆಳದರ್ಜೆಗೆ ಇಳಿಸುವುದು ಇವೆಲ್ಲ ಗಣನೀಯ ಎಂದೇ ಲೆಕ್ಕ. ಕ್ರೆಡಿಟ್ ಕಾರ್ಡಿಗಾದರೆ 7 ಕೆಲಸದ ದಿನಗಳೊಳಗೆ ಹಣ ಬರಬೇಕು. ತಿಂಗಳುಗಟ್ಟಲೆ ಮೊದಲೇ ಕೊಂಡ ಟಿಕೆಟ್‌ಗಳಲ್ಲಿ ವೇಳಾಪಟ್ಟಿ ಬದಲಾಗುವುದು ಅಪರೂಪವೇನಲ್ಲ. ಅಂಥ ಇಮೇಲ್ ಬಂದಾಗ "ಒಪ್ಪುತ್ತೇನೆ" ಎಂಬ ಗುಂಡಿಯನ್ನು ಅಭ್ಯಾಸಬಲದಿಂದ ಒತ್ತುವ ಮುನ್ನ ಆ ದಿನದ ದರವನ್ನೊಮ್ಮೆ ನೋಡಿ. ದರ ಇಳಿದಿದ್ದರೆ ಹಣ ವಾಪಸು ಪಡೆದು ಹೊಸದಾಗಿ ಕೊಳ್ಳಬಹುದು.

ಬ್ಯಾಂಕಿನ ತಕರಾರಿನ ವಿಷಯ: ದಯವಿಟ್ಟು ಬೇಡ. ಆ ವ್ಯವಸ್ಥೆ ಇರುವುದು ತಪ್ಪು ಮೊತ್ತ ಕಡಿತವಾದಾಗ ಅಥವಾ ಕೊಂಡ ಸೇವೆ ಸಿಗದೇ ಹೋದಾಗ. ನೀವು ಒಪ್ಪಿದ ಮೊತ್ತವೇ ಕಡಿತವಾಗಿದೆ, ಸೇವೆಯ ದಿನ ಇನ್ನೂ ಬಂದಿಲ್ಲ. ತಕರಾರು ಬಿದ್ದೇಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಹಣ ವಿವಾದದಲ್ಲಿದೆ ಎಂದು ಕಂಪನಿ ಟಿಕೆಟನ್ನೇ ತಡೆಹಿಡಿದರೆ ನಾಲ್ವರ ಪ್ರಯಾಣ ಅತಂತ್ರವಾಗುತ್ತದೆ.

ದರ ಇಳಿದರೆ ವ್ಯತ್ಯಾಸ ತುಂಬಿಕೊಡುವ ಖಾಸಗಿ ಯೋಜನೆಗಳೂ ಇವೆ. ಗೂಗಲ್ ಫ್ಲೈಟ್ಸ್ 2023ರಲ್ಲಿ ಅಮೆರಿಕದಿಂದ ಹೊರಡುವ ಕೆಲವೇ ಪ್ರಯಾಣಗಳಿಗೆ ಬೆಲೆ ಖಾತರಿಯ ಪ್ರಯೋಗ ಆರಂಭಿಸಿತು; ವರ್ಷಕ್ಕೆ ಒಬ್ಬರಿಗೆ ಗರಿಷ್ಠ 500 ಡಾಲರ್ ಎಂಬ ಮಿತಿ ಇಟ್ಟಿತ್ತು. ಕೊಳ್ಳುವಾಗಲೇ ಆ ಗುರುತು ಇದ್ದರೆ ಮಾತ್ರ ಅದು ಸಲ್ಲುತ್ತದೆ, ಆಮೇಲೆ ಸೇರಿಕೊಳ್ಳಲಾಗದು. ಪದೇ ಪದೇ ಹಾರುವವರಿಗೆ ಕಂಪನಿ ಅಂಕಗಳಂತೆ ಕೊಡುವ ಮೈಲುಗಳಿಂದ ಕೊಂಡ ಟಿಕೆಟ್‌ಗಳದು ಮಾತ್ರ ಸುಖ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಅಂಥ ಬಹುತೇಕ ಟಿಕೆಟ್‌ಗಳನ್ನು ರದ್ದುಮಾಡಿದರೆ ಮೈಲುಗಳು ಖಾತೆಗೆ ಹಿಂತಿರುಗುತ್ತವೆ, ಮತ್ತೆ ಕಡಿಮೆ ಮೈಲುಗಳಿಗೆ ಕೊಳ್ಳಬಹುದು.

ಪ್ರತಿಕ್ರಿಯೆ: ಕಾವೇರಿ ತೀರ, ಮೈಸೂರು

ಟಿಕೆಟ್ ಕೊಂಡ ಮೇಲೆ ಮತ್ತೆ ದರ ನೋಡುವುದನ್ನೇ ನಾನು ಬಿಟ್ಟಿದ್ದೇನೆ. ಮನಶ್ಶಾಂತಿಗೂ ಒಂದು ಬೆಲೆ ಇದೆಯಲ್ಲವೇ?

ಪ್ರತಿಕ್ರಿಯೆ: ಮಲೆನಾಡಿಗ, ಡಲ್ಲಾಸ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದಗಳು. ಮೈಸೂರಿನವರ ಮಾತೂ ಸರಿಯೇ, ಆದರೆ ಸಾವಿರ ಡಾಲರ್ ಎದುರಿಗಿದ್ದಾಗ ಮನಶ್ಶಾಂತಿ ಸುಲಭವಲ್ಲ.

ನಿಯಮ ತೆರೆದು ನೋಡಿದೆ. ನಮ್ಮದು ಬೇಸಿಕ್ ಎಕಾನಮಿ ಅಲ್ಲ. ಹೊರಡುವ ಮುನ್ನ ಬದಲಾವಣೆಗೆ ಶುಲ್ಕವಿಲ್ಲ, ಉಳಿಕೆಯನ್ನು ಕ್ರೆಡಿಟ್ ಆಗಿ ಕೊಡುತ್ತಾರೆ ಎಂದಿದೆ. ಬ್ಯಾಗೇಜ್ ಎರಡರಲ್ಲೂ ಒಂದೇ. ಆದರೆ ಬೆಂಗಳೂರಿನ ಹಿರಿಯರು ಹೇಳಿದಂತೆಯೇ ಆಗಿದೆ: ಇಬ್ಬರಿಗೆ ಹುಡುಕಿದರೆ 1,450 ಡಾಲರ್, ನಾಲ್ವರಿಗೆ ಹುಡುಕಿದರೆ ತಲೆಗೆ 1,655 ಡಾಲರ್. ನಾಲ್ವರೂ ಒಂದೇ ಪಿಎನ್‌ಆರ್‌ನಲ್ಲಿದ್ದೇವೆ. ಇಬ್ಬರನ್ನು ಮಾತ್ರ ಅಗ್ಗದ ದರಕ್ಕೆ ಬದಲಿಸಲು ಸಾಧ್ಯವೇ?

ಉತ್ತರ: ನಿವೃತ್ತ ಟಿಕೆಟಿಂಗ್ ಗುಮಾಸ್ತ, ಬೆಂಗಳೂರು

ಸಾಧ್ಯವಿದೆ. ಪಿಎನ್‌ಆರ್ ಅನ್ನು ಎರಡಾಗಿ ಒಡೆಯುವುದು ಟಿಕೆಟಿಂಗ್ ಕೌಂಟರಿನಲ್ಲಿ ದಿನನಿತ್ಯದ ಕೆಲಸ. ಲೆಕ್ಕ ಹಾಕಿ: ನಾಲ್ವರನ್ನೂ ಒಟ್ಟಿಗೆ ಬದಲಿಸಿದರೆ ತಲೆಗೆ 65 ಡಾಲರ್‌ನಂತೆ 260 ಬರುತ್ತದೆ. ಇಬ್ಬರನ್ನು ಮಾತ್ರ ಬದಲಿಸಿದರೆ 270ರಂತೆ 540 ಬರುತ್ತದೆ. ಉಳಿದಿಬ್ಬರನ್ನು ಅನಂತರ ಪ್ರತ್ಯೇಕವಾಗಿ 1,655ರ ದರಕ್ಕೆ ಬದಲಿಸಲು ಆದರೆ ಇನ್ನೂ 130.

ಒಡೆಯುವಾಗ ನೀವಿಬ್ಬರು ಒಂದು ಕಡೆ, ಮಕ್ಕಳಿಬ್ಬರು ಇನ್ನೊಂದು ಕಡೆ ಆಗದಂತೆ ನೋಡಿಕೊಳ್ಳಿ. ದೊಡ್ಡವರಿಲ್ಲದ ಪಿಎನ್‌ಆರ್‌ನಲ್ಲಿ ಮಕ್ಕಳು ಉಳಿದರೆ ಅವರನ್ನು ಒಂಟಿಯಾಗಿ ಪ್ರಯಾಣಿಸುವ ಮಕ್ಕಳೆಂದು ಯಂತ್ರ ಭಾವಿಸಿ ತಗಾದೆ ತೆಗೆಯುತ್ತದೆ. ಒಬ್ಬ ದೊಡ್ಡವರು, ಒಂದು ಮಗು, ಹೀಗೆ ಜೋಡಿ ಮಾಡಿಸಿ. ಎರಡೂ ಪಿಎನ್‌ಆರ್‌ಗಳಲ್ಲಿ ಮತ್ತೊಂದರ ಸಂಖ್ಯೆಯನ್ನು ಟಿಪ್ಪಣಿಯಾಗಿ ಹಾಕಿಸಿದರೆ, ಮುಂದೆ ವಿಮಾನ ರದ್ದಾದಾಗ ಅರ್ಧ ಕುಟುಂಬ ದೋಹಾ ಮೂಲಕ, ಇನ್ನರ್ಧ ಲಂಡನ್ ಮೂಲಕ ಹೋಗುವ ಪಜೀತಿ ಕಡಿಮೆಯಾಗುತ್ತದೆ. ಪೂರ್ತಿ ತಪ್ಪುತ್ತದೆ ಎಂದು ಭರವಸೆ ಕೊಡಲಾರೆ, ಏಕೆಂದರೆ ಯಂತ್ರ ತಾನಾಗಿ ಮರುಬುಕಿಂಗ್ ಮಾಡುವಾಗ ಟಿಪ್ಪಣಿಯನ್ನು ಓದುವುದಿಲ್ಲ. ಆಯ್ದಿಟ್ಟ ಸೀಟುಗಳೂ ರೀಇಶ್ಯೂ ಆದ ಮೇಲೆ ಹಾಗೆಯೇ ಉಳಿದಿವೆಯೇ ಎಂದು ಕರೆ ಮುಗಿಸುವ ಮೊದಲೇ ಕೇಳಿ. ಸೀಟಿಗೆ ಬೇರೆ ಹಣ ಕಟ್ಟಿದ್ದರಂತೂ ತಪ್ಪದೇ ಕೇಳಿ.

ಇದೆಲ್ಲ ಪ್ರಯಾಣ ಆರಂಭಿಸುವ ಮುನ್ನ ಮಾತ್ರ. ಹೋಗುವ ಭಾಗ ಬಳಸಿದ ನಂತರ ಬರುವ ಭಾಗದ ದರ ಇಳಿದಿದೆ ಎಂದು ಹೋದರೆ, ಸಾಮಾನ್ಯವಾಗಿ ಹಳೆಯ ದಿನದ ದರಪಟ್ಟಿಯನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಅಲ್ಲಿ ಉಳಿತಾಯದ ಮಾತೇ ಇಲ್ಲ.

ಉತ್ತರ: ಗ್ರಾಹಕ ಮಿತ್ರ, ಹುಬ್ಬಳ್ಳಿ

ವಾರಾಣಸಿಯ ಟಿಕೆಟ್ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಭಾರತದಲ್ಲೂ ದರವನ್ನು ಕಂಪನಿಗಳೇ ಗೊತ್ತುಮಾಡುತ್ತವೆ, ಇಳಿಕೆಯ ವ್ಯತ್ಯಾಸ ಕೊಡುವ ಕಟ್ಟುಪಾಡಿಲ್ಲ. ನಮಗಿರುವ ಆಧಾರ ಟಿಕೆಟ್ ಹಣ ಮರುಪಾವತಿಗೆ ಡಿಜಿಸಿಎ, ಅಂದರೆ ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ, ಮಾಡಿರುವ ನಿಯಮಾವಳಿ. ಅದರಲ್ಲಿ 2025ರಲ್ಲಿ ಇದ್ದ ಒಂದು ಅವಕಾಶದ ಪ್ರಕಾರ, ಬುಕ್ ಮಾಡಿದ 24 ಗಂಟೆಯೊಳಗೆ ಹೆಚ್ಚುವರಿ ಶುಲ್ಕವಿಲ್ಲದೆ ರದ್ದು ಅಥವಾ ಬದಲಾವಣೆ ಮಾಡಬಹುದಿತ್ತು. ಬದಲಿಸಿದ ವಿಮಾನದ ದರ ಹೆಚ್ಚಿದ್ದರೆ ಆ ವ್ಯತ್ಯಾಸ ಮಾತ್ರ ಕಟ್ಟಬೇಕಿತ್ತು. ಪ್ರಯಾಣಕ್ಕೆ 7 ದಿನಕ್ಕಿಂತ ಕಡಿಮೆ ಇರುವಾಗ ಕಂಪನಿಯ ಜಾಲತಾಣದಲ್ಲಿ ಕೊಂಡರೆ ಇದು ಸಿಗುತ್ತಿರಲಿಲ್ಲ. ಈ ಅವಧಿಯನ್ನು 48 ಗಂಟೆಗೆ ವಿಸ್ತರಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ಟಿಕೆಟ್ ಕೊಳ್ಳುವ ದಿನ ಜಾರಿಯಲ್ಲಿರುವ ಪಠ್ಯವನ್ನು ಡಿಜಿಸಿಎ ಜಾಲತಾಣದಲ್ಲೇ ನೋಡಬೇಕು, ವಾಟ್ಸಾಪ್‌ನಲ್ಲಿ ಬಂದ ಸಂದೇಶವನ್ನಲ್ಲ.

ಅವಧಿ ಮೀರಿದ್ದರೆ ಲೆಕ್ಕ ಸರಳ. ನಮ್ಮ ದೇಶೀಯ ಅಗ್ಗದ ಟಿಕೆಟ್‌ಗಳಲ್ಲಿ ರದ್ದತಿ ಶುಲ್ಕವೇ ಸಾವಿರಗಳಲ್ಲಿರುತ್ತದೆ. ಸಾವಿರ ರೂಪಾಯಿ ಇಳಿಕೆಗಾಗಿ ಅದಕ್ಕಿಂತ ಹೆಚ್ಚು ಕಳೆದುಕೊಂಡು ಹೊಸ ಟಿಕೆಟ್ ಕೊಳ್ಳುವುದು ನಷ್ಟದ ವ್ಯವಹಾರ. ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ, ವಾಪಸು ಬಾರದ ಕನ್ವೀನಿಯನ್ಸ್ ಫೀ ಸೇರುತ್ತವೆ. ಹಾಗಾಗಿ ನಿಮ್ಮ ತಂದೆ-ತಾಯಿಯ ಟಿಕೆಟನ್ನು ಇದ್ದಂತೆಯೇ ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆದರೆ ಹಿರಿಯರ ಪ್ರಯಾಣ ಬೇರೆ ಕಾರಣಕ್ಕೆ ನಿಂತುಹೋಗಬಹುದಾದ್ದರಿಂದ ಇದೇ ನಿಯಮಾವಳಿಯ ಇನ್ನೆರಡು ವಿಷಯ ತಿಳಿದಿರಲಿ. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಅಂದರೆ ಶಾಸನಬದ್ಧ ತೆರಿಗೆಗಳನ್ನು, ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ಪ್ರಯಾಣಿಕರು ವಿಮಾನಕ್ಕೆ ಹಾಜರಾಗದೇ ಹೋದರೂ, ಟಿಕೆಟ್ ವಿಶೇಷ ರಿಯಾಯಿತಿಯದ್ದಾಗಿದ್ದರೂ ಹಿಂತಿರುಗಿಸಬೇಕು. ಕೇಳದವರಿಗೆ ಅದು ಬಹಳ ಸಲ ಬರುವುದೇ ಇಲ್ಲ. ಇನ್ನು, ಏಜೆಂಟರ ಮೂಲಕ ಕೊಂಡಿದ್ದರೂ ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. ಕಂಪನಿಯವರು ಏಜೆನ್ಸಿಯ ಕಡೆಗೆ, ಏಜೆನ್ಸಿಯವರು ಕಂಪನಿಯ ಕಡೆಗೆ ಬೆರಳು ತೋರಿಸುತ್ತಾ ಕುಳಿತರೆ ವಿಮಾನ ಪ್ರಯಾಣಿಕರ ದೂರುಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಇಬ್ಬರಿಗೂ ಇಮೇಲ್ ಮಾಡಿ. ಮರುಪಾವತಿಯನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟ್‌ಗೆ ಬಳಸಲು ಕಂಪನಿಯ ಬಳಿಯೇ ಉಳಿಯುವ ಖಾತೆಯಲ್ಲಿ, ಇಟ್ಟುಕೊಳ್ಳಿ ಎಂದು ಕಂಪನಿ ಒತ್ತಾಯಿಸುವಂತಿಲ್ಲ, ಆ ಆಯ್ಕೆ ಪ್ರಯಾಣಿಕರದು.

ಉತ್ತರ: ರೈನ್ ದಂಡೆ, ಫ್ರಾಂಕ್‌ಫರ್ಟ್

ಯುರೋಪಿನಲ್ಲಿರುವವರಿಗಾಗಿ ಎರಡು ಮಾತು. ಇಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುಗಳನ್ನು 14 ದಿನದೊಳಗೆ ಹಿಂತಿರುಗಿಸುವ ಹಕ್ಕು ಇದೆಯೆಂದು ಟಿಕೆಟ್‌ಗೂ ಅದು ಸಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಪ್ರಯಾಣಿಕ ಸಾರಿಗೆಯನ್ನು ಆ ಹಕ್ಕಿನಿಂದ ಹೊರಗಿಟ್ಟಿದ್ದಾರೆ. ಎಲ್ಲರ ಬಾಯಲ್ಲೂ ಇರುವ, ಯುರೋಪಿನ ವಿಮಾನ ಪ್ರಯಾಣಿಕರ ಹಕ್ಕುಗಳ 261 ಸಂಖ್ಯೆಯ ನಿಯಮ ವಿಮಾನ ರದ್ದಾದಾಗ, ಬಹಳ ತಡವಾದಾಗ, ಹತ್ತಲು ಬಿಡದಿದ್ದಾಗ ಕೆಲಸಕ್ಕೆ ಬರುತ್ತದೆಯೇ ಹೊರತು ದರದ ಏರಿಳಿತಕ್ಕಲ್ಲ. ಬಳಸದ ಟಿಕೆಟ್‌ನ ತೆರಿಗೆ ಹಿಂತಿರುಗಿಸಲು ಏರ್ ಬರ್ಲಿನ್ ಕಂಪನಿ 25 ಯೂರೋ ಶುಲ್ಕ ಹಾಕುತ್ತಿದ್ದ ಪ್ರಕರಣದಲ್ಲಿ, ಕಂಪನಿಗಳಿಗೆ ದರ ನಿರ್ಧರಿಸುವ ಸ್ವಾತಂತ್ರ್ಯವಿದೆ ಎಂಬ ಕಾರಣಕ್ಕೆ ಇಂಥ ಷರತ್ತುಗಳು ಗ್ರಾಹಕ ಕಾನೂನಿನ ಪರಿಶೀಲನೆಯಿಂದ ತಪ್ಪಿಸಿಕೊಳ್ಳಲಾರವು ಎಂದು ಯುರೋಪಿಯನ್ ನ್ಯಾಯಾಲಯ 2017ರಲ್ಲಿ ಹೇಳಿತು. ಹುಬ್ಬಳ್ಳಿಯವರು ಹೇಳಿದ ತೆರಿಗೆಯ ಮಾತು ಇಲ್ಲಿಯೂ ಕೇಳಿ ಪಡೆಯಬೇಕಾದದ್ದೇ.

ಪ್ರತಿಕ್ರಿಯೆ: ಮಲೆನಾಡಿಗ, ಡಲ್ಲಾಸ್

ಕೆಲಸ ಅರ್ಧ ಆಯಿತು. ಕರೆ ತೆಗೆದುಕೊಂಡ ಮಹಿಳೆಗೆ "ರೀಇಶ್ಯೂ" ಎಂಬ ಮಾತು ಹೇಳಿದ ಕೂಡಲೇ ವಿಷಯ ತಿಳಿಯಿತು. ಪಿಎನ್‌ಆರ್ ಒಡೆದು, ನನ್ನನ್ನೂ ಮಗಳನ್ನೂ 1,450ರ ದರಕ್ಕೆ ಬದಲಿಸಿ, ತಲೆಗೆ 270 ಡಾಲರ್ ಕ್ರೆಡಿಟ್ ಕೊಟ್ಟರು. ಪತ್ನಿ ಮತ್ತು ಮಗನ ಟಿಕೆಟ್ ಹಾಗೆಯೇ ಇದೆ. ಅವರಿಗೆ ಈಗ 1,655 ಕೂಡ ಸಿಗುತ್ತಿಲ್ಲ. ವಾರಾಣಸಿಯ ಟಿಕೆಟ್ ಮುಟ್ಟುವುದಿಲ್ಲ.

ಒಂದು ಸಂದೇಹ ಉಳಿದಿದೆ. ಇಮೇಲ್‌ನಲ್ಲಿ ಎರಡು ಕ್ರೆಡಿಟ್‌ಗಳೂ ಬೇರೆಬೇರೆಯಾಗಿ, ಒಂದು ನನ್ನ ಹೆಸರಿಗೆ, ಇನ್ನೊಂದು ಏಳು ವರ್ಷದ ಮಗಳ ಹೆಸರಿಗೆ ಬಂದಿವೆ. ಹಣ ಕಟ್ಟಿದ್ದು ನನ್ನ ಕಾರ್ಡಿನಿಂದಲೇ. ಎರಡನ್ನೂ ಸೇರಿಸಿ ನನ್ನ ಮುಂದಿನ ಕಚೇರಿ ಪ್ರಯಾಣಕ್ಕೆ ಬಳಸಬಹುದೇ?

ಉತ್ತರ: ನಿಯಮಾವಳಿ ಓದುಗ, ನ್ಯೂ ಜೆರ್ಸಿ

ಸಾಮಾನ್ಯವಾಗಿ ಆಗುವುದಿಲ್ಲ. ಟಿಕೆಟ್ ಬದಲಾವಣೆಯಿಂದ ಹುಟ್ಟಿದ ಕ್ರೆಡಿಟ್ ಹಣ ಕಟ್ಟಿದವರದಲ್ಲ, ಟಿಕೆಟ್‌ನಲ್ಲಿ ಹೆಸರಿರುವ ಪ್ರಯಾಣಿಕರದು. ಮಗಳ 270 ಡಾಲರ್ ಅವಳ ಟಿಕೆಟ್‌ಗೇ ಆಗಬೇಕು. ಕೆಲವು ಕಂಪನಿಗಳು ವೋಚರ್ ಎಂದು ಬೇರೆ ಬಗೆಯದನ್ನು ಕೊಡುವುದುಂಟು, ಅದನ್ನು ಬೇರೆಯವರಿಗೆ ಬಳಸಲು ಬಿಡುತ್ತಾರೆ. ನಿಮ್ಮ ಇಮೇಲ್‌ನಲ್ಲಿ ಯಾವ ಪದ ಬಳಸಿದ್ದಾರೆ ಎಂದು ನೋಡಿ.

ಅದಕ್ಕಿಂತ ಮುಖ್ಯವಾಗಿ ಅವಧಿಯ ಸಾಲನ್ನು ಓದಿ. ಬಹಳಷ್ಟು ಕ್ರೆಡಿಟ್‌ಗಳ ಆಯುಸ್ಸು ಒಂದು ವರ್ಷ. ಆ ವರ್ಷವನ್ನು ಕ್ರೆಡಿಟ್ ಬಂದ ದಿನದಿಂದಲ್ಲ, ನೀವು ಮೊದಲು ಟಿಕೆಟ್ ಕೊಂಡ ದಿನದಿಂದ ಎಣಿಸುವುದೇ ಹೆಚ್ಚು. ಆ ದಿನಾಂಕದೊಳಗೆ ಹೊಸ ಟಿಕೆಟ್ ಕೊಂಡರೆ ಸಾಕೆಂದು ಕೆಲವು ಕಂಪನಿಗಳು ಹೇಳಿದರೆ, ಪ್ರಯಾಣವೇ ಆರಂಭವಾಗಿರಬೇಕೆಂದು ಇನ್ನು ಕೆಲವು ಹೇಳುತ್ತವೆ. ಕೊಂಡರೆ ಸಾಕು ಎಂದಿದ್ದರೆ ಮುಂದಿನ ಬೇಸಿಗೆ ರಜೆಯ ಟಿಕೆಟ್‌ಗೆ ಮಗಳ ಕ್ರೆಡಿಟ್ ಈಗಲೇ ಹಾಕಿಬಿಡಬಹುದು. ಪತ್ನಿ ಮತ್ತು ಮಗನ ಟಿಕೆಟ್‌ಗೆ ಗೂಗಲ್ ಫ್ಲೈಟ್ಸ್‌ನಲ್ಲಿ ಇಬ್ಬರು ಪ್ರಯಾಣಿಕರೆಂದು ನಮೂದಿಸಿ ದರದ ಎಚ್ಚರಿಕೆ ಇಟ್ಟುಕೊಳ್ಳಿ. ಯಾರಾದರೂ ರದ್ದುಮಾಡಿ ಅಗ್ಗದ ಕ್ಲಾಸ್‌ನಲ್ಲಿ ಎರಡು ಸೀಟು ಬಿಡುಗಡೆಯಾದರೆ ನಿಮಗೇ ಇಮೇಲ್ ಬರುತ್ತದೆ.